ರಂಗದ ಮೇಲಿನ ಹೊಗೆ, ರಕ್ತ, ಗುಡುಗು, ಮಾಯೆ: ನಾಟಕದ ಟ್ರಿಕ್ ಸೀನ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹವ್ಯಾಸಿ ತಂಡದವರು, ಕಾಲೇಜಿನ ರಂಗಸಂಘದ ವಿದ್ಯಾರ್ಥಿಗಳು, ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಕಟ್ಟುವ ಶಿಕ್ಷಕರು, ಜಾತ್ರೆಗೆ ಪೌರಾಣಿಕ ನಾಟಕ ಆಡುವ ಊರಿನವರು ನೇಪಥ್ಯದ ಕೆಲಸದವರನ್ನು ಕಂಡಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಸೈಡ್‌ವಿಂಗ್‌ನಲ್ಲಿ, ಅಂದರೆ ಸಭೆಗೆ ಕಾಣದ ರಂಗದ ಪಕ್ಕದ ಮರೆಯಲ್ಲಿ ನಿಂತು ಹಗ್ಗ ಎಳೆದು, ತಗಡು ಬಡಿದು, ಪಾಕ ಕುದಿಸಿ ಕಲಿತ ವಿಷಯಗಳೇ ಇಲ್ಲಿ ಹೆಚ್ಚು. ದುಬಾರಿ ಯಂತ್ರಗಳಿಲ್ಲದ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಎಲ್‌ಇಡಿ ಪರದೆ ಬಾಡಿಗೆಗೆ ಸಿಗುವಾಗ ಕೈಯಿಂದ ಮಾಡುವ ಟ್ರಿಕ್ ಏಕೆ ಬೇಕು?

ಪರದೆಯ ಮೇಲೆ ಎಂಥ ಬಿರುಗಾಳಿ ಎದ್ದರೂ ನಟಿಯ ಸೆರಗು ಅಲುಗುವುದಿಲ್ಲ. ಸೈಡ್‌ವಿಂಗ್‌ನಲ್ಲಿಟ್ಟ ಒಂದು ಫ್ಯಾನ್ ಆ ಸೆರಗನ್ನು ಅಲುಗಿಸುತ್ತದೆ, ಅದನ್ನು ಹಿಡಿದುಕೊಳ್ಳಲು ಆಕೆಯ ಕೈ ತಾನಾಗಿ ಮೇಲೇಳುತ್ತದೆ, ಗಾಳಿ ಇದೆಯೆಂದು ಸಭೆ ನಂಬುವುದು ಆ ಕೈಯನ್ನು ನೋಡಿ. ರಂಗದ ಮೇಲಿನ ಯಾವ ಟ್ರಿಕ್ಕಿನಲ್ಲೂ ಅರ್ಧ ಕೆಲಸವನ್ನು ನಟನ ದೇಹ ಮಾಡಬೇಕು. ದೇಹಕ್ಕೆ ತಾಗುವ ವಸ್ತು ಎದುರಿಗಿದ್ದಾಗ ಆ ಕೆಲಸ ಸುಲಭವಾಗುತ್ತದೆ. ಇನ್ನೊಂದು ಕಾರಣವೂ ಉಂಟು. ಎಲ್‌ಇಡಿ ಪರದೆಯ ಪ್ರಕಾಶ ರಂಗದ ಉಳಿದ ಬೆಳಕನ್ನೆಲ್ಲ ನುಂಗುವುದರಿಂದ, ಮುಂದೆ ನಿಂತ ನಟನ ಮುಖವೇ ಕಪ್ಪಾಗುತ್ತದೆ.

ಇದು ನಮ್ಮ ಪರಂಪರೆಗೆ ಹೊಸ ವಿಚಾರವೂ ಅಲ್ಲ. ಭರತನ ನಾಟ್ಯಶಾಸ್ತ್ರ ಆಹಾರ್ಯಾಭಿನಯವನ್ನು, ಅಂದರೆ ವೇಷಭೂಷಣ, ಪರಿಕರಗಳ ಮೂಲಕ ನಡೆಯುವ ಅಭಿನಯವನ್ನು ವಿವರಿಸುವಾಗ ರಂಗಕ್ಕಾಗಿ ತಯಾರಿಸುವ ಕೃತಕ ವಸ್ತುಗಳನ್ನು 'ಪುಸ್ತ' ಎಂದು ಕರೆದು, ಅದರಲ್ಲಿ ಸಂಧಿಮ, ವ್ಯಾಜಿಮ, ವೇಷ್ಟಿಮ ಎಂಬ ಮೂರು ಬಗೆಗಳನ್ನು ಹೇಳುತ್ತದೆ. ಜೋಡಿಸಿ ಕಟ್ಟಿದ್ದು ಸಂಧಿಮ, ಯಂತ್ರದಿಂದ ಚಲಿಸುವಂಥದ್ದು ವ್ಯಾಜಿಮ, ಬಟ್ಟೆ ಸುತ್ತಿ ಮಾಡಿದ್ದು ವೇಷ್ಟಿಮ. ಪರಿಕರಗಳು ನಟನನ್ನು ದಣಿಸದಂತೆ ಹಗುರವಾಗಿರಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ. ಕಬ್ಬಿಣದ ಗದೆ ಮಾಡಿಸಿ ಭೀಮನ ಪಾತ್ರಧಾರಿಯ ಭುಜ ನೋಯಿಸುವ ತಂಡಗಳು ಈ ಮಾತನ್ನು ಗಮನಿಸಬೇಕು.

ಹಳೆಯ ಕಂಪನಿ ನಾಟಕಗಳಲ್ಲಿ ಇವೆಲ್ಲ ಹೇಗೆ ನಡೆಯುತ್ತಿದ್ದವು?

1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಗುಬ್ಬಿ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಅಂಥ ವೈಭವ ಇಂದು ಯಾರಿಗೂ ಸಾಧ್ಯವಿಲ್ಲ, ಪ್ರಾಣಿಗಳ ದೃಷ್ಟಿಯಿಂದ ಬೇಕಾಗಿಯೂ ಇಲ್ಲ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅಗ್ಗದ ಜಾಣ್ಮೆ. 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ ಹುಟ್ಟಿದ ತೆಲುಗಿನ ಸುರಭಿ ನಾಟಕ ಮಂಡಳಿಗಳು ಇಂದಿಗೂ ಇಂಥ ಜಾಣ್ಮೆಯನ್ನು ಉಳಿಸಿಕೊಂಡಿವೆ. ಮಾಯಾಬಜಾರಿನಂಥ ಕಥೆಗಳನ್ನು ಅವರು ಹಗ್ಗ, ರಾಟೆ, ಚಿತ್ರಿಸಿದ ಪರದೆ, ತಂತಿಗಳಿಂದಲೇ ಆಡಿ ತೋರಿಸುತ್ತಾರೆ.

ಎರಡು ಬಾಣಗಳು ಆಕಾಶದಲ್ಲಿ ಎದುರುಬದುರಾಗಿ ಬಂದು ಡಿಕ್ಕಿ ಹೊಡೆಯುವ ದೃಶ್ಯದ ಬಗ್ಗೆ ಬಹಳ ಜನ ಕೇಳುತ್ತಾರೆ. ಎಡ ವಿಂಗ್‌ನಿಂದ ಬಲ ವಿಂಗ್‌ಗೆ, ನಟರ ತಲೆಗಿಂತ ನಾಲ್ಕೈದು ಅಡಿ ಮೇಲೆ, ಮಂಕು ಕಪ್ಪು ಬಳಿದ ತೆಳುವಾದ ಉಕ್ಕಿನ ತಂತಿಯನ್ನು ಬಿಗಿಯಾಗಿ ಕಟ್ಟಬೇಕು. ಥರ್ಮಕೋಲ್ ಅಥವಾ ಲಾಳದಕಡ್ಡಿಯಿಂದ ಮಾಡಿದ ಹಗುರ ಬಾಣದ ಬೆನ್ನಿಗೆ ಖಾಲಿ ರೀಫಿಲ್ಲಿನ ಎರಡು ತುಂಡುಗಳನ್ನು ಅಂಟಿಸಿ, ಅವುಗಳೊಳಗೆ ತಂತಿ ಹಾಯುವಂತೆ ಮಾಡಬೇಕು. ಪ್ರತಿಯೊಂದು ಬಾಣವನ್ನೂ ಎದುರಿನ ವಿಂಗ್‌ನಿಂದ ಮೀನಿನ ಗಾಳದ ದಾರದಲ್ಲಿ ಎಳೆಯಬೇಕು. ತಂತಿ ಕಾಣದಿರಬೇಕಾದರೆ ಹಿನ್ನೆಲೆ ಕಪ್ಪಾಗಿರಬೇಕು, ಬೆಳಕು ಬದಿಯಿಂದ ಬರಬೇಕು. ಬಾಣ ಬಿಡುವ ನಟ ಕೈ ಬಿಟ್ಟ ಮೇಲೂ ಅದರ ದಾರಿಯನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಅವನು ಹಾಗೆ ನೋಡದಿದ್ದರೆ ಸಭೆಯ ಕಣ್ಣು ನೇರವಾಗಿ ತಂತಿಯ ಮೇಲೆ ಬೀಳುತ್ತದೆ.

ಹೊಗೆಗೆ ಡ್ರೈ ಐಸ್ ಒಳ್ಳೆಯದೋ, ಫಾಗ್ ಮಷಿನ್ ಒಳ್ಳೆಯದೋ?

ಎರಡೂ ಕೊಡುವುದು ಬೇರೆ ಬೇರೆ ಬಗೆಯ ಹೊಗೆ. ಡ್ರೈ ಐಸ್ ಎಂದರೆ ಘನೀಕರಿಸಿದ ಇಂಗಾಲದ ಡೈಆಕ್ಸೈಡ್, ಅದರ ಉಷ್ಣತೆ ಸೊನ್ನೆಗಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬಿಸಿನೀರಿಗೆ ಹಾಕಿದಾಗ ಅದು ದ್ರವವಾಗದೆ ನೇರವಾಗಿ ಅನಿಲವಾಗುತ್ತದೆ. ಆ ತಂಪಿಗೆ ನೀರಿನ ಆವಿ ಮಂಜಿನ ಹನಿಗಳಾಗಿ ಕಣ್ಣಿಗೆ ಬೀಳುತ್ತದೆ. ಈ ಮಂಜು ಗಾಳಿಗಿಂತ ಭಾರ, ಹಾಗಾಗಿ ನೆಲಕ್ಕೆ ಅಂಟಿಕೊಂಡು ಹರಿದು ರಂಗದ ಅಂಚಿನಿಂದ ಜಲಪಾತದಂತೆ ಇಳಿಯುತ್ತದೆ. ವೈಕುಂಠ, ಕೈಲಾಸ, ಹಾಲ್ಗಡಲು ಮುಂತಾದ ದೃಶ್ಯಗಳಿಗೆ ಇದಕ್ಕೆ ಸಾಟಿಯಿಲ್ಲ. ಫಾಗ್ ಮಷಿನ್ ಗ್ಲೈಕಾಲ್ ಮತ್ತು ನೀರು ಬೆರೆಸಿದ ದ್ರವವನ್ನು ಕಾಯಿಸಿ ಉಗುಳುತ್ತದೆ. ಆ ಹೊಗೆ ಬೆಚ್ಚಗಿರುವುದರಿಂದ ಮೇಲೇಳುತ್ತದೆ, ಹರಡುತ್ತದೆ, ಬೆಳಕಿನ ಕಿರಣಗಳಿಗೆ ಆಕಾರ ಕೊಡುತ್ತದೆ. ಕಾಡು, ಸ್ಮಶಾನ, ಯುದ್ಧಾನಂತರದ ರಣರಂಗಕ್ಕೆ ಅದು ಸರಿ.

ಡ್ರೈ ಐಸ್ ಬಳಸುವವರು ಕೆಲವು ಸಂಗತಿಗಳನ್ನು ಖಂಡಿತ ತಿಳಿದಿರಬೇಕು. ಒಂದು ಕಿಲೋ ಡ್ರೈ ಐಸ್ ಕರಗಿದರೆ ಸುಮಾರು 540 ಲೀಟರ್ ಅನಿಲವಾಗುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ತೂಕದ್ದು, ತಗ್ಗಿನ ಜಾಗದಲ್ಲಿ ಸೇರಿ ಅಲ್ಲಿನ ಆಮ್ಲಜನಕವನ್ನು ಮೇಲಕ್ಕೆ ತಳ್ಳುತ್ತದೆ. ರಂಗದ ಮುಂದಿನ ತಗ್ಗಿನಲ್ಲಿ ಕುಳಿತ ಹಾರ್ಮೋನಿಯಂ, ತಬಲಾದವರು, ನೆಲದ ಮೇಲೆ ಮಲಗಿ 'ಸತ್ತಿರುವ' ನಟರು, ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತ ಚಿಕ್ಕ ಮಕ್ಕಳು, ಈ ಮೂವರಿಗೂ ಅಪಾಯ ಮೊದಲು. ಮಂಜು ಮೊಣಕಾಲಿಗಿಂತ ಮೇಲೇರದಂತೆ ನೋಡಿಕೊಳ್ಳಿ, ದೃಶ್ಯ ಮುಗಿದ ಕೂಡಲೇ ಬಾಗಿಲು ತೆರೆದು ಫ್ಯಾನ್ ಹಾಕಿ, ಮಲಗುವ ಪಾತ್ರವಿದ್ದರೆ ಡ್ರೈ ಐಸ್ ಬೇಡ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ, ದಪ್ಪ ಕೈಗವಸು ಬೇಕು. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒತ್ತಡಕ್ಕೆ ಡಬ್ಬಿ ಸಿಡಿಯುತ್ತದೆ, ಆದ್ದರಿಂದ ಸಡಿಲ ಮುಚ್ಚಳದ ಥರ್ಮಕೋಲ್ ಪೆಟ್ಟಿಗೆಯೇ ಸರಿ. ಕಿಟಕಿ ಮುಚ್ಚಿದ ಕಾರಿನಲ್ಲಿ ಅದನ್ನು ಸಾಗಿಸಬೇಡಿ. ಹಿಂದಿನ ದಿನ ತಂದಿಟ್ಟರೆ ಪ್ರದರ್ಶನದ ಹೊತ್ತಿಗೆ ಗಣನೀಯ ಭಾಗ ಗಾಳಿಗೆ ಹೋಗಿರುತ್ತದೆ, ಅದೇ ದಿನ ತರಿಸಿ.

ನೀರು ಎಷ್ಟು ಬಿಸಿಯೋ ಮಂಜು ಅಷ್ಟು ದಟ್ಟ. ಹೆಚ್ಚಿನ ತಂಡಗಳು ತಪ್ಪುವುದು ಇಲ್ಲಿಯೇ: ಸಂಜೆ ಕಾಯಿಸಿದ ನೀರು ಮೂರನೇ ಅಂಕದ ಹೊತ್ತಿಗೆ ಉಗುರುಬೆಚ್ಚಗಾಗಿರುತ್ತದೆ. ದೃಶ್ಯಕ್ಕೆ ಹತ್ತು ನಿಮಿಷ ಮೊದಲು ಕುದಿಯುವಂತೆ ವಿದ್ಯುತ್ ಹಂಡೆಯೊಂದನ್ನು ವಿಂಗ್‌ನ ಹಿಂದೆ ಇಟ್ಟುಕೊಳ್ಳಿ, ಅದಕ್ಕೊಬ್ಬರನ್ನು ನೇಮಿಸಿ.

ಸಭಾಂಗಣದವರು ಹೊಗೆಗೆ ಒಪ್ಪುತ್ತಿಲ್ಲ. ಏನು ಮಾಡಬೇಕು?

ಅವರ ಮಾತನ್ನು ಒಪ್ಪಿಕೊಳ್ಳಬೇಕು. ಹೊಗೆ ಪತ್ತೆ ಮಾಡುವ ಸಾಧನಗಳಿರುವ ಸಭಾಂಗಣದಲ್ಲಿ ಫಾಗ್ ಮಷಿನ್ ಎಚ್ಚರಿಕೆಯ ಗಂಟೆಯನ್ನು ಬಾರಿಸಬಲ್ಲದು. ಅದನ್ನು ಗುಟ್ಟಾಗಿ ಬಂದ್ ಮಾಡಿಸುವ ಯೋಚನೆಯನ್ನು ಎಂದೂ ಮಾಡಬಾರದು. ಬಿಳಿಯ ತೆಳು ಬಟ್ಟೆಯನ್ನು ಇಬ್ಬರು ಎರಡು ವಿಂಗ್‌ಗಳಿಂದ ಹಿಡಿದು ನೆಲಮಟ್ಟದಲ್ಲಿ ಅಲೆಯಂತೆ ಬೀಸಿ, ಮೇಲೆ ನೀಲಿ ಬೆಳಕು ಚೆಲ್ಲಿದರೆ ಹಾಲ್ಗಡಲು ಸಿದ್ಧ.

ಗುಡುಗು, ಮಿಂಚು, ಮಳೆಗೆ ಧ್ವನಿಮುದ್ರಣ ಸಾಕಲ್ಲವೇ?

ಸಾಕು, ಆದರೆ ಮುದ್ರಿತ ಗುಡುಗು ಸ್ಪೀಕರಿನಿಂದ ಬರುತ್ತದೆ, ತಗಡಿನ ಗುಡುಗು ರಂಗದ ಹಿಂದಿನಿಂದ ಬರುತ್ತದೆ. ಮುಂದಿನ ಸಾಲಿನವರಿಗೆ ಈ ವ್ಯತ್ಯಾಸ ಎದೆಯಲ್ಲಿ ಗೊತ್ತಾಗುತ್ತದೆ. ಮೂರಡಿ ಅಗಲ, ಆರಡಿ ಉದ್ದದ ಜಿಐ ಶೀಟನ್ನು (ಸತು ಲೇಪಿಸಿದ ಕಬ್ಬಿಣದ ತಗಡು) ತಂದು, ಮೇಲಿನ ಅಂಚಿಗೆ ಮರದ ಪಟ್ಟಿ ಬಿಗಿದು ಹಗ್ಗದಲ್ಲಿ ತೂಗುಹಾಕಿ, ಕೆಳಗಿನ ಅಂಚಿಗೆ ಹಿಡಿಕೆ ಕೂರಿಸಿ. ಬಹಳ ತೆಳುವಾದ ಶೀಟು ಡಬ್ಬಿ ಬಡಿದಂತೆ ಕೇಳಿಸುತ್ತದೆ, ಬಹಳ ದಪ್ಪನೆಯದು ಬಾಗುವುದೇ ಇಲ್ಲ. 22ರಿಂದ 24 ಗೇಜಿನದು ನನ್ನ ಅನುಭವದಲ್ಲಿ ಸರಿಹೋಗಿದೆ. ಅದನ್ನು ಬಡಿಯಬಾರದು, ಹಿಡಿಕೆ ಹಿಡಿದು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕುಲುಕಿ, ತಾನಾಗಿ ಸದ್ದಡಗಲು ಬಿಡಬೇಕು. ನಟನ ಉಸಿರನ್ನು ನೋಡುತ್ತ ಕುಲುಕಬಹುದು ಎಂಬುದೇ ತಗಡಿನ ದೊಡ್ಡ ಅನುಕೂಲ. ಮಾತು ನಿಧಾನವಾದ ದಿನ ಗುಡುಗೂ ಕಾಯುತ್ತದೆ.

ಮಿಂಚು ಮೊದಲು, ಗುಡುಗು ಆಮೇಲೆ. ಶಬ್ದ ಒಂದು ಕಿಲೋಮೀಟರ್ ಕ್ರಮಿಸಲು ಸುಮಾರು ಮೂರು ಸೆಕೆಂಡ್ ಹಿಡಿಯುವುದರಿಂದ, ದೂರದ ಬಿರುಗಾಳಿಗೆ ಮಿಂಚಿನ ನಂತರ ಮೂರು ಎಣಿಸಿ, ಹತ್ತಿರ ಬಂದಂತೆ ಎರಡು, ಒಂದು ಎಂದು ಇಳಿಸಿ. ಬಿರುಗಾಳಿ ಸಮೀಪಿಸುತ್ತಿದೆ ಎಂಬುದನ್ನು ಒಂದೂ ಮಾತಿಲ್ಲದೆ ಹೀಗೆ ತಿಳಿಸಬಹುದು. ಮಿಂಚಿಗೆ ಸ್ಟ್ರೋಬ್ ದೀಪ ಬೇಡ. ಅದರ ವೇಗದ ಮಿನುಗು ಮೂರ್ಛೆರೋಗ ಇರುವ ಕೆಲವರಲ್ಲಿ ಸೆಳವು ತರಿಸಬಹುದು. ಬಿಳಿ ದೀಪವೊಂದನ್ನು ಕೈಯಿಂದ ಎರಡು ಬಾರಿ, ಅಸಮ ಅಂತರದಲ್ಲಿ ಮಿನುಗಿಸಿದರೆ ನೋಟ ಇನ್ನೂ ಸಹಜವಾಗಿರುತ್ತದೆ.

ಮಳೆಯ ಸದ್ದಿಗೆ ಮೊರದಲ್ಲಿ ಒಣ ಕಡಲೆ ಅಥವಾ ಹೆಸರುಕಾಳು ಹಾಕಿ ಹೊರಳಿಸುವ ಹಳೆಯ ಉಪಾಯ ಇಂದಿಗೂ ಕೆಲಸ ಮಾಡುತ್ತದೆ. ಬಿದಿರಿನ ಮೊರಕ್ಕೂ ಪ್ಲಾಸ್ಟಿಕ್ ಮೊರಕ್ಕೂ ಸದ್ದು ಬೇರೆ: ಮೊದಲನೆಯದು ಹುಲ್ಲಿನ ಮಾಡಿನ ಮೇಲೆ ಬೀಳುವ ಮಳೆ, ಎರಡನೆಯದು ಶೀಟಿನ ಮೇಲೆ ಬೀಳುವ ಮಳೆ. ರಂಗದ ಮೇಲೆ ನಿಜವಾದ ನೀರು ಸುರಿಸುವ ಆಸೆಯನ್ನು ಬಿಟ್ಟುಬಿಡಿ. ನಟರು ಜಾರುತ್ತಾರೆ, ನೆಲದಲ್ಲಿ ವಿದ್ಯುತ್ ತಂತಿಗಳಿರುತ್ತವೆ. ಒದ್ದೆ ಕೂದಲು, ಒದ್ದೆ ಕೊಡೆಯೊಂದಿಗೆ ಒಳಗೆ ಬಂದು ಕೊಡೆಯನ್ನು ಒಮ್ಮೆ ಕೊಡವುವ ನಟ ಇಡೀ ಮಳೆಗಾಲವನ್ನು ತರುತ್ತಾನೆ.

ರಂಗರಕ್ತ ಮಾಡುವುದು ಹೇಗೆ? ಬಟ್ಟೆಯ ಕಲೆ ಹೋಗುತ್ತದೆಯೇ?

ಬಾಯಿಂದ ಹರಿಯುವ ರಕ್ತಕ್ಕೆ ತಿನ್ನಬಹುದಾದ ವಸ್ತುಗಳನ್ನಷ್ಟೇ ಬಳಸಬೇಕು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ ಒಂದು ಲೋಟ, ನೀರು ಕಾಲು ಲೋಟ, ತಿನ್ನುವ ಕೆಂಪು ಬಣ್ಣ ಒಂದು ಚಮಚ, ಕೋಕೋ ಪುಡಿ ಅರ್ಧ ಚಮಚ, ನೀಲಿ ಬಣ್ಣ ಒಂದೇ ಒಂದು ಹನಿ. ಕೋಕೋ ಇಲ್ಲದಿದ್ದರೆ ಅದು ರಕ್ತದಂತಲ್ಲ, ಶರಬತ್ತಿನಂತೆ ಕಾಣುತ್ತದೆ. ಎದೆಗೆ ಬಾಣ ತಾಗುವ ದೃಶ್ಯಕ್ಕೆ ಈ ಪಾಕವನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಅಂಗಿಯೊಳಗೆ ಸ್ಪಂಜಿನ ಮೇಲೆ ಕಟ್ಟಿಕೊಂಡು, ನಟ ಅಂಗೈಯಿಂದ ಎದೆ ಹಿಡಿದುಕೊಳ್ಳುವಾಗ ಒತ್ತಬೇಕು.

ಕತ್ತಿ ಗೀರಿದ ಗುರುತು ಅದೇ ಕ್ಷಣ ಮೂಡಬೇಕಾದರೆ ನಮ್ಮ ಅಡುಗೆಮನೆಯಲ್ಲಿಯೇ ಉತ್ತರವಿದೆ. ಓಕುಳಿಯ ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಅದು ಕೆಂಪಾಗುವುದನ್ನು ನೋಡದವರಿಲ್ಲ. ಅರಿಶಿನದಲ್ಲಿನ ಬಣ್ಣದ ಅಂಶ ಕ್ಷಾರ ತಾಗಿದ ಕೂಡಲೇ ಕೆಂಪಾಗುತ್ತದೆ. ನಟನ ತೋಳಿಗೆ ಮೊದಲೇ ತೆಳುವಾಗಿ ಅರಿಶಿನ ಹಚ್ಚಿ ಒಣಗಿಸಿ, ಮೊಂಡು ಕತ್ತಿಯ ಅಂಚನ್ನು ತಿಳಿ ಸುಣ್ಣದ ನೀರಿನಲ್ಲಿ ಅದ್ದಿ ಮೆಲ್ಲಗೆ ಎಳೆದರೆ, ಎಳೆದ ದಾರಿಯಲ್ಲಿ ಕೆಂಪು ಗೆರೆ ಮೂಡುತ್ತದೆ. ಸುಣ್ಣ ತಂಗಿದ ಮೇಲೆ ಉಳಿಯುವ ತಿಳಿಯನ್ನಷ್ಟೇ ಬಳಸಿ, ಮುಖದ ಬಳಿ, ವಿಶೇಷವಾಗಿ ಕಣ್ಣಿನ ಬಳಿ ಎಂದೂ ಬಳಸಬೇಡಿ, ದೃಶ್ಯ ಮುಗಿದೊಡನೆ ತೋಳನ್ನು ನೀರಿನಲ್ಲಿ ತೊಳೆಯಿರಿ. ಸುಣ್ಣ ಚರ್ಮವನ್ನು ಸುಡುತ್ತದೆ. ಅಡುಗೆ ಸೋಡಾದ ನೀರು ಇದಕ್ಕಿಂತ ಸೌಮ್ಯ, ಬಣ್ಣ ಮಾತ್ರ ಸ್ವಲ್ಪ ಮಂಕು. ಮಕ್ಕಳ ನಾಟಕವಾದರೆ ಸೋಡಾದ ನೀರೇ ಇರಲಿ.

ಬೆಳಕನ್ನು ಮರೆಯಬಾರದು. ಕೆಂಪು ಬೆಳಕಿನಲ್ಲಿ ಕೆಂಪು ರಕ್ತ ಬಿಳಿ ಬಟ್ಟೆಯ ಮೇಲೆ ಕಾಣುವುದೇ ಇಲ್ಲ, ನೀಲಿ ಬೆಳಕಿನಲ್ಲಿ ಅದು ಕಪ್ಪಾಗುತ್ತದೆ. ಕೊಲೆಯ ದೃಶ್ಯವೆಂದು ರಂಗವನ್ನೆಲ್ಲ ಕೆಂಪು ಮಾಡಿದ ನಿರ್ದೇಶಕರು ತಾವೇ ತಮ್ಮ ರಕ್ತವನ್ನು ಅಳಿಸಿದಂತೆ. ಕಲೆಯ ವಿಷಯಕ್ಕೆ ಬಂದರೆ, ಪಾಕಕ್ಕೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿದರೆ ಒಗೆತ ಸುಲಭವಾಗುತ್ತದೆ, ಆದರೆ ಅದು ಬಾಯಿಗೆ ಹೋಗುವ ರಕ್ತವಾಗಿರಬಾರದು. ಬಾಡಿಗೆಯ ರೇಷ್ಮೆ ಉಡುಪಿನ ಮೇಲೆ ಯಾವ ರಕ್ತವೂ ಬೇಡ.

ಬೆಂಕಿಯನ್ನು ತೋರಿಸಬಹುದೇ?

ಒಳಾಂಗಣದಲ್ಲಿ ನಿಜವಾದ ಬೆಂಕಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕರಾವಳಿಯ ಯಕ್ಷಗಾನದಲ್ಲಿ ಮಹಿಷಾಸುರ ದೊಂದಿಗಳ ನಡುವೆ, ರಾಳದ ಪುಡಿ ಎರಚಿದಾಗ ಭುಗಿಲೇಳುವ ಜ್ವಾಲೆಯೊಂದಿಗೆ ಪ್ರೇಕ್ಷಕರ ನಡುವಿನಿಂದ ಬರುವುದನ್ನು ಕಂಡವರಿಗೆ ತಮ್ಮ ನಾಟಕದಲ್ಲೂ ಅದನ್ನು ತರುವ ಆಸೆಯಾಗುತ್ತದೆ. ಆ ಪ್ರವೇಶದ ರೋಮಾಂಚನ ನನಗೂ ಗೊತ್ತು. ಆದರೆ ಅಲ್ಲಿ ಆಡುವುದು ತೆರೆದ ಬಯಲಿನಲ್ಲಿ, ಎರಚುವವರು ವರ್ಷಗಟ್ಟಲೆ ಪಳಗಿದವರು. ಮುದ್ದೆಯಾಗಿದ್ದಾಗ ನಿಧಾನ ಉರಿಯುವ ರಾಳ, ನುಣ್ಣನೆಯ ಪುಡಿಯಾಗಿ ಗಾಳಿಯಲ್ಲಿ ಹರಡಿದಾಗ ಪ್ರತಿ ಕಣಕ್ಕೂ ಆಮ್ಲಜನಕ ಸಿಕ್ಕಿ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಪರದೆಗಳು ತೂಗುವ, ತಗ್ಗು ಮಾಡಿನ ಸಭಾಂಗಣದಲ್ಲಿ ಅದೇ ಗುಣ ದುರಂತಕ್ಕೆ ಕಾರಣವಾಗುತ್ತದೆ.

1903ರ ಡಿಸೆಂಬರ್ 30ರಂದು ಷಿಕಾಗೋದ ಇರಾಕ್ವಾ ಥಿಯೇಟರಿನಲ್ಲಿ ರಂಗದ ಆರ್ಕ್ ದೀಪವೊಂದರಿಂದ ಪರದೆಗೆ ಹೊತ್ತಿದ ಬೆಂಕಿ 600ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬೆಂಕಿ ತಡೆಯಬೇಕಾಗಿದ್ದ ಪರದೆ ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ನಮ್ಮ ಬೆಂಗಳೂರಿನಲ್ಲೇ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಶಾಮಿಯಾನದ ಕೆಳಗೆ ನಾಟಕ ಆಡುವ ಪ್ರತಿ ತಂಡವೂ ಇದನ್ನು ನೆನಪಿನಲ್ಲಿಡಬೇಕು.

ಬೆಂಕಿಯ ಭ್ರಮೆಗೆ ರೇಷ್ಮೆ ಸಾಕು. ತೆಳುವಾದ ಬಿಳಿ ಅಥವಾ ಹಳದಿ ರೇಷ್ಮೆಯನ್ನು ಎರಡಡಿ ಉದ್ದದ, ತುದಿ ಚೂಪಾದ ನಾಲಗೆಗಳಂತೆ ಕತ್ತರಿಸಿ, ಪೆಟ್ಟಿಗೆಯೊಳಗೆ ಮೇಲ್ಮುಖವಾಗಿಟ್ಟ ಸಣ್ಣ ಫ್ಯಾನಿನ ಸುತ್ತ ಕಟ್ಟಿ, ಕೆಳಗಿನಿಂದ ಕಿತ್ತಳೆ ಮತ್ತು ಕೆಂಪು ಎಲ್‌ಇಡಿ ಬೆಳಕು ಕೊಡಿ. ಸುತ್ತ ಸೌದೆ ಜೋಡಿಸಿದರೆ ಹೋಮಕುಂಡ. ಅದರ ಎದುರಿಗಿರುವ ನಟನ ಮುಖದ ಮೇಲೂ ಅದೇ ಕಿತ್ತಳೆ ಬೆಳಕು ಅಸ್ಥಿರವಾಗಿ ಆಡಬೇಕು. ಇದನ್ನು ಮರೆತ ತಂಡಗಳ ಬೆಂಕಿ ಪಟದಲ್ಲಿ ಬರೆದಂತೆ ನಿರ್ಜೀವವಾಗಿರುತ್ತದೆ. ನಿಜವಾದ ಹಣತೆ, ಆರತಿ ಬೇಕೇ ಬೇಕೆಂದಾದರೆ ಸಭಾಂಗಣದವರ ಒಪ್ಪಿಗೆ ಪಡೆದು, ವಿಂಗ್‌ನಲ್ಲಿ ಅಗ್ನಿಶಾಮಕ ಸಿಲಿಂಡರ್ ಮತ್ತು ಒದ್ದೆ ಗೋಣಿಚೀಲ ಹಿಡಿದ ಒಬ್ಬರು, ಬೇರೆ ಯಾವ ಕೆಲಸವೂ ಇಲ್ಲದೆ, ಅದಕ್ಕಾಗಿಯೇ ನಿಂತಿರಬೇಕು. ಪಟಾಕಿಯ ಮದ್ದನ್ನು ಬಿಚ್ಚಿ ರಂಗದ ಮೇಲೆ ಬಳಸುವುದನ್ನು ಯಾವ ಕಾರಣಕ್ಕೂ ಮಾಡಬಾರದು.

ಹತ್ತಿಯ ಪರದೆಗಳು ಬೇಗ ಹೊತ್ತದಂತೆ ಮಾಡಲು ಒಂದು ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ಬಿಳಿಗಾರ, 45 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಅದರಲ್ಲಿ ಬಟ್ಟೆಯನ್ನು ನೆನೆಸಿ ಹಿಂಡದೆ ಒಣಗಿಸಬಹುದು. ಒಗೆದರೆ ಈ ಗುಣ ಹೋಗುತ್ತದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳಿಗೆ ಇದು ಪ್ರಯೋಜನವಿಲ್ಲ. ಮೊದಲು ಅಂಗೈಯಗಲದ ತುಂಡನ್ನು ಹೊರಗೆ ಸುಟ್ಟು ಪರೀಕ್ಷಿಸಿ.

ದ್ರೌಪದಿಯ ಸೀರೆ ಮುಗಿಯದಂತೆ ತೋರಿಸುವುದು ಹೇಗೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಎರಡು ವಿಧಾನಗಳಿವೆ. ಮೊದಲನೆಯದು, ಐದು ಸೀರೆಗಳನ್ನು ತುದಿಗೆ ತುದಿ ಹೊಲಿದು ನಟಿಯ ಸೊಂಟಕ್ಕೆ ಸುತ್ತಿ, ಆಕೆ ತಿರುಗಿದಂತೆ ಬಿಚ್ಚಿಕೊಳ್ಳುವುದು. ಒಂದು ಸೀರೆ ಐದೂವರೆ ಮೀಟರ್ ಎಂದರೆ ಒಟ್ಟು 27 ಮೀಟರಿಗಿಂತ ಹೆಚ್ಚು. ಒಂದು ಸುತ್ತಿಗೆ ಒಂದು ಮೀಟರಿನಂತೆ ಲೆಕ್ಕ ಹಾಕಿದರೆ ಆಕೆ ಇಪ್ಪತ್ತೇಳು ಸುತ್ತು ತಿರುಗಬೇಕು, ತಲೆ ಸುತ್ತಿ ಬೀಳುವುದು ಖಂಡಿತ. ಮೇಲಾಗಿ ದೃಶ್ಯದ ಆರಂಭದಲ್ಲೇ ಆಕೆ ವಿಪರೀತ ದಪ್ಪವಾಗಿ ಕಾಣುತ್ತಾಳೆ.

ಎರಡನೆಯ ವಿಧಾನ ನನಗೆ ಹೆಚ್ಚು ಒಪ್ಪಿಗೆ. ನಟಿ ಹಿಂದಿನ ಪರದೆಗೆ ಅರ್ಧ ಅಡಿ ದೂರದಲ್ಲಿ, ಕೈ ಮುಗಿದು ನಿಶ್ಚಲವಾಗಿ ನಿಂತಿರುತ್ತಾಳೆ. ಆಕೆಯ ಬೆನ್ನಿಗೆ ಸರಿಯಾಗಿ ಪರದೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಸೀಳಿರುತ್ತದೆ. ಪರದೆಯ ಹಿಂದೆ ಕುಳಿತವರು ಬುಟ್ಟಿಯಲ್ಲಿ ಮಡಿಕೆ ಮಡಿಕೆಯಾಗಿ ಇಟ್ಟ ಬಟ್ಟೆಯನ್ನು ಸೀಳಿನ ಮೂಲಕ ಬಿಡುತ್ತಾರೆ. ಅದು ಆಕೆಯ ಬಲ ಸೊಂಟದಿಂದ ಮುಂದೆ ಬಂದು ಎಡಕ್ಕೆ ಹಾದು ದುಶ್ಶಾಸನನ ಕೈಗೆ ಹೋಗುತ್ತದೆ. ಆಕೆ ಉಟ್ಟ ನಿಜವಾದ ಸೀರೆಯನ್ನು ಭದ್ರವಾಗಿ ಹೊಲಿದಿರಬೇಕು. ಪಿನ್ನುಗಳು ಬೇಡ, ಹಾಯುವ ಬಟ್ಟೆ ಒಂದೇ ಒಂದು ಪಿನ್ನಿಗೆ ಸಿಕ್ಕಿಕೊಂಡರೂ ದೃಶ್ಯ ಮುಗಿಯಿತು. ಗಂಜಿ ಹಾಕಿದ ಹತ್ತಿ ಬಟ್ಟೆ ತಡೆಯುತ್ತದೆ, ಜಾರ್ಜೆಟ್ ಅಥವಾ ಸ್ಯಾಟಿನ್ ಜಾರುತ್ತದೆ. ಮೊದಲ ತುಂಡು ಆಕೆ ಉಟ್ಟ ಸೀರೆಯ ಬಣ್ಣದ್ದೇ ಇರಲಿ, ಮುಂದೆ ಬಣ್ಣಗಳು ಬದಲಾಗುತ್ತ ಹೋಗಲಿ.

ಇಲ್ಲಿಯೂ ನಂಬಿಸುವವನು ದುಶ್ಶಾಸನನೇ. ಮೊದಲ ಎಳೆತದಲ್ಲಿ ಅಹಂಕಾರ, ಹತ್ತನೆಯದರಲ್ಲಿ ಅನುಮಾನ, ಕೊನೆಗೆ ಬೆವರು, ತೊಡರುವ ಕಾಲು, ಕುಸಿತ. ಈ ಕ್ರಮವನ್ನು ತಾಲೀಮಿನಲ್ಲಿ ಎಣಿಕೆಯಿಟ್ಟು ಕಟ್ಟಬೇಕು. ನಟಿಯ ಒಪ್ಪಿಗೆ, ಆಕೆಯ ಉಡುಪಿನ ಭದ್ರತೆ, ಬಟ್ಟೆ ಆಕೆಯ ಕುತ್ತಿಗೆಯ ಬಳಿ ಹಾಯದಂತೆ ನೋಡಿಕೊಳ್ಳುವುದು, ಈ ಮೂರರಲ್ಲಿ ರಾಜಿ ಇಲ್ಲ.

ಕಂಬ ಒಡೆದು ನರಸಿಂಹ ಬರುವ ದೃಶ್ಯ?

ಕಂಬವನ್ನು ಮುಂಭಾಗದ ಎರಡು ಅರ್ಧಗಳಾಗಿ ಬಿದಿರಿನ ದಬ್ಬೆಯ ಚೌಕಟ್ಟಿನ ಮೇಲೆ ಕಟ್ಟಿ, ಕಾಗದ ಅಂಟಿಸಿ ಬಣ್ಣ ಬಳಿಯಿರಿ. ಅರ್ಧಗಳು ನಡುವೆ ಕೂಡುವ ಗೆರೆ ನೇರವಾಗಿರದೆ ಬಿರುಕಿನಂತೆ ಅಂಕುಡೊಂಕಾಗಿರಲಿ, ಆಗ ಒಡೆದ ಮೇಲೂ ಅದು ಬಾಗಿಲಿನಂತೆ ಕಾಣುವುದಿಲ್ಲ. ಒಳಗಿನಿಂದ ವೆಲ್ಕ್ರೋ ಪಟ್ಟಿಗಳಿಂದ ಜೋಡಿಸಿ, ಹೊರಗೆ ಗೆರೆಯ ಮೇಲೆ ತೆಳು ಕಾಗದ ಅಂಟಿಸಿ. ಆ ಕಾಗದ ಪ್ರತಿ ಪ್ರದರ್ಶನಕ್ಕೂ ಹೊಸದು ಬೇಕು, ಅದು ಹರಿಯುವ ಸದ್ದೇ ಅರ್ಧ ದೃಶ್ಯ. ಕಂಬದ ತಲೆಯೊಳಗೆ ಸಣ್ಣ ತಟ್ಟೆಯಲ್ಲಿ ಥರ್ಮಕೋಲ್ ತುಂಡುಗಳನ್ನಿಟ್ಟರೆ ಒಡೆದಾಗ ಕಲ್ಲಿನ ಚೂರುಗಳಂತೆ ಉದುರುತ್ತವೆ. ಧೂಳಿಗೆ ಮೈದಾ ಹಿಟ್ಟು ಬಳಸುವವರಿದ್ದಾರೆ. ದಯವಿಟ್ಟು ಬೇಡ, ರಾಳದ ಪುಡಿಯಂತೆ ಗಾಳಿಯಲ್ಲಿ ಹರಡಿದ ಹಿಟ್ಟೂ ಹೊತ್ತಿಕೊಳ್ಳುವ ವಸ್ತು.

ನರಸಿಂಹನ ಪಾತ್ರಧಾರಿ ಪ್ರಹ್ಲಾದನ ದೃಶ್ಯದುದ್ದಕ್ಕೂ ಕಿರೀಟ, ಕೇಸರ, ಉಗುರುಗಳೊಂದಿಗೆ ಕಂಬದ ಹಿಂದೆ ಸೆಕೆಯಲ್ಲಿ ನಿಂತಿರುತ್ತಾನೆ ಎಂಬುದನ್ನು ನಿರ್ದೇಶಕರು ಮರೆಯುತ್ತಾರೆ. ಕಂಬಕ್ಕೆ ಹಿಂಭಾಗ ಬೇಡ. ಅವನಿಗೆ ಗಾಳಿ ಬರಲಿ, ಕುಡಿಯಲು ನೀರು ಇರಲಿ, ಹಿಂದಿನ ಪರದೆಯ ಮೂಲಕ ಕೊನೆಯ ಎರಡು ನಿಮಿಷಕ್ಕೆ ಬಂದು ಸೇರುವ ದಾರಿ ಇದ್ದರೆ ಇನ್ನೂ ಉತ್ತಮ.

ಪ್ರೇತ ಕಾಣಿಸಿಕೊಂಡು ಮಾಯವಾಗುವುದು ಹೇಗೆ?

ಸುಲಭದ ದಾರಿ ಜಾಳು ಪರದೆ. ಗಾಢ ಬಣ್ಣದ ಸೊಳ್ಳೆಪರದೆಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಗೋಡೆಯ ಚಿತ್ರವನ್ನು ತೆಳುವಾಗಿ ಬರೆಸಿ. ಮುಂದಿನಿಂದ, ಬದಿಯ ಓರೆಕೋನದಲ್ಲಿ ಬೆಳಕು ಬಿದ್ದಾಗ ಅದು ಗಟ್ಟಿ ಗೋಡೆ. ಮುಂದಿನ ಬೆಳಕನ್ನು ಇಳಿಸುತ್ತ ಹಿಂದಿರುವ ನಟನ ಮೇಲೆ ಬೆಳಕು ಏರಿಸಿದರೆ ಗೋಡೆ ಕರಗಿ ಪ್ರೇತ ಕಾಣುತ್ತದೆ. ಮುಂದಿನ ಬೆಳಕು ಬಟ್ಟೆಯನ್ನು ದಾಟಿ ಹಿಂದೆ ಬೀಳಬಾರದು, ಹಿಂಭಾಗ ಪೂರ್ತಿ ಕಪ್ಪಾಗಿರಬೇಕು.

ಗಾಜಿನ ಪ್ರತಿಬಿಂಬದ ಉಪಾಯ ಇನ್ನೊಂದು. ಹೆನ್ರಿ ಡರ್ಕ್ಸ್ ಅವರ ಕಲ್ಪನೆಯನ್ನು ಸುಧಾರಿಸಿ ಜಾನ್ ಹೆನ್ರಿ ಪೆಪ್ಪರ್ 1862ರ ಡಿಸೆಂಬರ್ 24ರಂದು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ತೋರಿಸಿದ ಈ ತಂತ್ರವನ್ನು 'ಪೆಪ್ಪರನ ಭೂತ' ಎನ್ನುತ್ತಾರೆ. ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜಿನಲ್ಲಿ, ಸಭೆಗೆ ಕಾಣದ ಜಾಗದಲ್ಲಿ ನಿಂತ ನಟನ ಪ್ರತಿಬಿಂಬ ರಂಗದ ಮೇಲೆ ತೇಲಿದಂತೆ ಕಾಣುತ್ತದೆ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ಹೊರಗಿನ ಕತ್ತಲ ಮೇಲೆ ನಮ್ಮದೇ ಮುಖ ತೇಲುವುದು ಇದೇ ಕಾರಣಕ್ಕೆ. ಆಳೆತ್ತರದ ಗಾಜನ್ನು ಹವ್ಯಾಸಿಗಳು ಮುಟ್ಟದಿರುವುದು ಕ್ಷೇಮ. ಆದರೆ ಎರಡಡಿಯ ಅಕ್ರಿಲಿಕ್ ಹಾಳೆಯಿಂದ ಪೆಟ್ಟಿಗೆಯೊಳಗೆ ತೇಲುವ ತಲೆಯನ್ನು ಧಾರಾಳವಾಗಿ ಮಾಡಬಹುದು. ಬೆಂಗಳೂರಿನ ರಂಗಶಂಕರದಂತೆ ಪ್ರೇಕ್ಷಕರು ಮೂರು ಕಡೆ ಕೂರುವ ರಂಗದಲ್ಲಿ ಈ ತಂತ್ರ ನಡೆಯುವುದಿಲ್ಲ, ಬದಿಯವರಿಗೆ ಗುಟ್ಟೆಲ್ಲ ಕಾಣುತ್ತದೆ. ರವೀಂದ್ರ ಕಲಾಕ್ಷೇತ್ರದಂಥ ಚೌಕಟ್ಟಿನ ರಂಗಕ್ಕೆ ಅದು ಹೊಂದುತ್ತದೆ.

ಹನುಮಂತನನ್ನು ಹಗ್ಗದಲ್ಲಿ ಹಾರಿಸಬಹುದೇ?

ತರಬೇತಿ ಪಡೆದ ರಿಗ್ಗರ್ (ಹಗ್ಗ, ರಾಟೆ ಕಟ್ಟುವ ತಜ್ಞ), ಪರೀಕ್ಷಿಸಿದ ಹಾರ್ನೆಸ್ (ಮೈಗೆ ಕಟ್ಟುವ ಭದ್ರತಾ ಪಟ್ಟಿ), ಭಾರ ತಾಳುವ ತೊಲೆ ಇಲ್ಲದೆ ಖಂಡಿತ ಬೇಡ. ಕಪ್ಪು ಉಡುಪಿನ ನಾಲ್ವರು ಕಪ್ಪು ಹಿನ್ನೆಲೆಯಲ್ಲಿ ಅವನನ್ನು ಭುಜದ ಮೇಲೆ ಎತ್ತಿ ಸಾಗುತ್ತ, ಮುಂದೆ ನೀಲಿ ಬಟ್ಟೆಯ ಸಮುದ್ರ ಎದುರು ದಿಕ್ಕಿಗೆ ಹರಿದರೆ ಸಾಕು.

ಇವಕ್ಕೆಲ್ಲ ಎಷ್ಟು ತಾಲೀಮು ಬೇಕು?

ನಟರ ತಾಲೀಮಿನಿಂದ ಬೇರೆಯಾಗಿ ಕನಿಷ್ಠ ಎರಡು ಪೂರ್ಣ ತಾಂತ್ರಿಕ ತಾಲೀಮುಗಳು ಬೇಕು, ಅವುಗಳಲ್ಲಿ ಒಂದಾದರೂ ಆಡುವ ರಂಗದಲ್ಲಿಯೇ, ಆಡುವ ಬೆಳಕಿನಲ್ಲಿಯೇ, ನಿಜವಾದ ಉಡುಪಿನಲ್ಲಿಯೇ ನಡೆಯಬೇಕು. ಮನೆಯ ಅಂಗಳದಲ್ಲಿ ಚೆನ್ನಾಗಿ ಜಾರಿದ ಬಟ್ಟೆ ರಂಗದ ಮರದ ಹಲಗೆಯ ಸೀಳಿಗೆ ಸಿಕ್ಕಿಕೊಳ್ಳುತ್ತದೆ. ಪ್ರತಿಯೊಂದು ಟ್ರಿಕ್ಕಿಗೂ ಯಾವ ಮಾತಿಗೆ ಸಿದ್ಧರಾಗಬೇಕು, ಯಾವ ಮಾತಿಗೆ ಮಾಡಬೇಕು, ಯಾರು ಮಾಡಬೇಕು ಎಂದು ಬರೆದ ಕ್ಯೂ ಹಾಳೆಯನ್ನು ವಿಂಗ್‌ನಲ್ಲಿ ಮಂದ ನೀಲಿ ದೀಪದ ಕೆಳಗೆ ಅಂಟಿಸಿ. ಒಬ್ಬರಿಗೆ ಒಂದು ದೃಶ್ಯದಲ್ಲಿ ಒಂದೇ ಕೆಲಸ.

ಪ್ರದರ್ಶನದ ದಿನ ಟ್ರಿಕ್ ಕೈಕೊಟ್ಟರೆ?

ಕೈಕೊಡುತ್ತದೆ ಎಂದೇ ತಿಳಿದು ನಟರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಒಮ್ಮೆ ನಾನು ಬಿಟ್ಟ ಜಾಳು ಪರದೆ ಕಂಬಿಯಲ್ಲಿ ಸಿಕ್ಕಿ ಅರ್ಧಕ್ಕೇ ನಿಂತಿತು. ಹಿಂದಿದ್ದ ಪ್ರೇತದ ಕಾಲುಗಳು ಇಡೀ ಸಭೆಗೆ ಕಾಣುತ್ತಿದ್ದವು. ಆ ಹಗ್ಗವನ್ನು ಆ ಸಂಜೆ ಪರೀಕ್ಷಿಸದೆ ಬಿಟ್ಟವನು ನಾನೇ. ಎದುರಿಗಿದ್ದ ನಟಿ ಆ ಕಾಲುಗಳನ್ನೇ ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು, ಉಸಿರು ಬಿಗಿಹಿಡಿದು ಮೆಲ್ಲಗೆ ತಲೆಯೆತ್ತಿ ಪರದೆಯ ಹಿಂದೆ ಮುಖ ಇರಬೇಕಾದ ಜಾಗವನ್ನು ದಿಟ್ಟಿಸಿದರು. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಮುಂದಿನ ಎರಡು ಪ್ರದರ್ಶನಗಳಲ್ಲಿ ನಾವು ಪರದೆಯನ್ನು ಬೇಕೆಂದೇ ಅಷ್ಟೇ ಎತ್ತರದಲ್ಲಿ ನಿಲ್ಲಿಸಿದೆವು.